ಅಪಸ್ಮಾರದ ಸಂವೇದನಾ ಸೆಳವುಗಳು: ಅವುಗಳ ಗುರುತು ಮತ್ತು ಚಿಕಿತ್ಸೆ

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಐದು ಇಂದ್ರಿಯಗಳಿಂದ ನಾವು ಲೋಕವನ್ನು ತಿಳಿಯುತ್ತೇವೆಂದು ವಿದ್ಯಾರ್ಥಿಗಳೆಲ್ಲರೂ ಪಾಠಪುಸ್ತಕದಲ್ಲಿ ಓದಿರುತ್ತೀರಿ. ಆದರೆ ಕಣ್ಣು ಬೆಳಕನ್ನು ಹಿಡಿದುಕೊಡುತ್ತದೆಯೇ ಹೊರತು ‘ಇದು ಬೆಳಕು’ ಎಂಬ ಅರಿವು ಹುಟ್ಟುವುದು ತಲೆಯ ಹಿಂಭಾಗದಲ್ಲಿರುವ ಮಿದುಳಿನ ಒಂದು ಭಾಗದಲ್ಲಿ. ಹಾಗೆಯೇ ಶಬ್ದದ ಅರಿವು ಕಿವಿಯ ನೇರಕ್ಕಿರುವ ಮಿದುಳಿನ ಪಾರ್ಶ್ವಭಾಗದಲ್ಲಿ, ಸ್ಪರ್ಶದ ಅರಿವು ನೆತ್ತಿಯ ಎರಡು ಬದಿಗಳ ಒಂದು ಪಟ್ಟಿಯಲ್ಲಿ ಹುಟ್ಟುತ್ತದೆ. ಇಂದ್ರಿಯಗಳು ಸುದ್ದಿ ತರುವ ಓಲೆಕಾರರು; ಓಲೆಯನ್ನು ಓದುವುದು ಮಿದುಳು.

ಹೀಗಿರುವಾಗ, ಓಲೆಯೇ ಬಾರದೆ ಮಿದುಳು ತಾನಾಗಿಯೇ ಓದತೊಡಗಿದರೆ ಏನಾದೀತು? ಎದುರಿಗೆ ಏನೂ ಇಲ್ಲದಿದ್ದರೂ ಬಣ್ಣಬಣ್ಣದ ಬೆಳಕು ಕಾಣಬಹುದು. ಯಾರೂ ಮುಟ್ಟದಿದ್ದರೂ ಕೈಯಲ್ಲಿ ಇರುವೆ ಹರಿದಂತಾಗಬಹುದು. ಏನೂ ಸುಡದಿದ್ದರೂ ಸುಟ್ಟ ವಾಸನೆ ಬರಬಹುದು. ಇಂಥ ಅನುಭವವು ಕೆಲವು ಕ್ಷಣಗಳ ಕಾಲ ಹಠಾತ್ತನೆ ಬಂದು, ಹಠಾತ್ತನೆ ಹೋಗಿ, ಮತ್ತೆ ಮತ್ತೆ ಅದೇ ರೀತಿಯಲ್ಲಿ ಮರುಕಳಿಸುತ್ತಿದ್ದರೆ ಅದು ಅಪಸ್ಮಾರದ ಒಂದು ಬಗೆಯಾಗಿರಬಹುದು. ಇದನ್ನೇ ಸಂವೇದನಾ ಸೆಳವು ಎಂದು ಕರೆಯಬಹುದು.

ಅಪಸ್ಮಾರವೆಂದೊಡನೆ ನಮ್ಮ ಜನರ ಕಣ್ಣ ಮುಂದೆ ಬರುವುದು ನೆಲಕ್ಕೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬರುವ ದೃಶ್ಯವೊಂದೇ. ನಮ್ಮ ಸೀಮೆಯ ತಮಿಳು ನೆರೆಹೊರೆಯವರು ‘ಕಾಕ್ಕಾ ವಲಿಪ್ಪು’ ಎಂದೂ ನಾವು ‘ಮೂರ್ಛೆರೋಗ’ ಎಂದೂ ಹೇಳುವುದು ಆ ಉಗ್ರರೂಪವನ್ನೇ. ಆದರೆ ಅದೇ ರೋಗಕ್ಕೆ ಮೂರ್ಛೆಯೂ ಇಲ್ಲದ, ಸೆಟೆತವೂ ಇಲ್ಲದ, ನೋಡುವವರಿಗೆ ತೋರದೇ ಇರುವ ಸೌಮ್ಯರೂಪಗಳಿವೆ. ಅವುಗಳನ್ನು ಅನುಭವಿಸುವ ಮಗುವಿಗೆ ಮಾತ್ರ ಅವು ಗೊತ್ತು. ಆ ಮಗು ಹೇಳಿದರೆ ಮನೆಯವರು ನಂಬುವುದಿಲ್ಲ. ನಂಬಿದರೂ ಗಾಳಿ, ಗ್ರಹ, ದೃಷ್ಟಿ ಎಂದು ಬೇರೆ ದಾರಿ ಹಿಡಿಯುತ್ತಾರೆ. ಚಿಕಿತ್ಸೆಯಿಂದ ನಿಲ್ಲಿಸಬಹುದಾದ ಕಾಯಿಲೆಯೊಂದು ಹೀಗೆ ವರ್ಷಗಟ್ಟಲೆ ಬೆಳೆಯುತ್ತದೆ. ಆದುದರಿಂದ ಈ ವಿಷಯವನ್ನು ಮಕ್ಕಳೂ ಪೋಷಕರೂ ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅಗತ್ಯ.

ಸೆಳವು ಎಂದರೇನು?

ಮಿದುಳಿನಲ್ಲಿ ಕೋಟ್ಯನುಕೋಟಿ ನರಕೋಶಗಳಿವೆ. ಇವು ಒಂದಕ್ಕೊಂದು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳಿಂದ ಮಾತನಾಡಿಕೊಳ್ಳುತ್ತವೆ. ಸಂತೆಯಲ್ಲಿ ಜನರು ತಮ್ಮ ತಮ್ಮಲ್ಲಿ ಬೇರೆ ಬೇರೆಯಾಗಿ ಮಾತನಾಡುತ್ತಿರುವಾಗ ವ್ಯವಹಾರ ಸುಗಮವಾಗಿ ಸಾಗುತ್ತದೆ. ಒಂದು ಮೂಲೆಯ ಜನರೆಲ್ಲ ಒಮ್ಮೆಗೇ ಒಂದೇ ಕೂಗನ್ನು ಕೂಗಿದರೆ ಅಲ್ಲಿಯ ವ್ಯವಹಾರ ಕೆಡುತ್ತದೆ. ಹಾಗೆಯೇ ನರಕೋಶಗಳ ಒಂದು ಗುಂಪು ಒಮ್ಮೆಲೇ, ಒಟ್ಟಾಗಿ, ಅತಿಯಾಗಿ ವಿದ್ಯುತ್ತನ್ನು ಹೊಮ್ಮಿಸುವುದೇ ಸೆಳವು. ಕೂಗು ಒಂದು ಮೂಲೆಯಲ್ಲೇ ನಿಂತರೆ ಅದು ಸ್ಥಾನಿಕ ಸೆಳವು. ಇಡೀ ಸಂತೆಗೆ ಹಬ್ಬಿದರೆ ಪ್ರಜ್ಞೆ ತಪ್ಪಿ ಮೈಯೆಲ್ಲ ಸೆಟೆಯುವ ದೊಡ್ಡ ಸೆಳವು. ಇಂಥ ಸೆಳವುಗಳು ಮರುಕಳಿಸುವ ಸ್ವಭಾವಕ್ಕೆ ಅಪಸ್ಮಾರವೆಂದು ಹೆಸರು.

ಸಂವೇದನಾ ಸೆಳವು ಸ್ಥಾನಿಕವಾದುದು. ಅದು ಮಿದುಳಿನ ಯಾವ ಭಾಗದಲ್ಲಿ ಹುಟ್ಟಿತೋ ಆ ಭಾಗದ ಕೆಲಸವನ್ನೇ ತಪ್ಪಾಗಿ ಮಾಡಿಸುತ್ತದೆ. ಸ್ಪರ್ಶದ ಪಟ್ಟಿಯಲ್ಲಿ ಹುಟ್ಟಿದರೆ ದೇಹದ ಒಂದು ಕಡೆಯಲ್ಲಿ, ಹೆಚ್ಚಾಗಿ ಮುಖ, ತುಟಿ ಅಥವಾ ಕೈಬೆರಳಿನಲ್ಲಿ, ಜುಮುಗುಡುವಿಕೆ, ಉರಿ ಅಥವಾ ಜೋಮು ತೋರುತ್ತದೆ. ಅದು ಬೆರಳಿನಿಂದ ಮುಂಗೈಗೆ, ಮುಂಗೈಯಿಂದ ತೋಳಿಗೆ ಹೆಜ್ಜೆ ಹೆಜ್ಜೆಯಾಗಿ ಏರುವುದೂ ಉಂಟು. ಎಡಗೈಯಲ್ಲಿ ಹೀಗಾದರೆ ಮಿದುಳಿನ ಬಲಭಾಗದಲ್ಲಿ, ಬಲಗೈಯಲ್ಲಾದರೆ ಎಡಭಾಗದಲ್ಲಿ ದೋಷವಿದೆಯೆಂದು ವೈದ್ಯರು ಊಹಿಸುತ್ತಾರೆ. ತಲೆಯ ಹಿಂಭಾಗದ ದೃಷ್ಟಿಪ್ರದೇಶದಲ್ಲಿ ಹುಟ್ಟಿದರೆ ದೃಷ್ಟಿಯ ಒಂದು ಬದಿಯಲ್ಲಿ ಬಣ್ಣದ ಚುಕ್ಕೆಗಳು, ಉರುಟು ಬೆಳಕುಗಳು ಮಿನುಗುತ್ತವೆ. ಪಾರ್ಶ್ವಭಾಗದಲ್ಲಿ ಹುಟ್ಟಿದರೆ ಗುಂಯ್‌ಗುಡುವ ನಾದ ಕೇಳಿಸಬಹುದು, ತಲೆ ತಿರುಗಬಹುದು, ಬಾಯಲ್ಲಿ ಕಹಿ ಅಥವಾ ಲೋಹದ ರುಚಿ ತೋರಬಹುದು, ಅಹಿತವಾದ ವಾಸನೆ ಬರಬಹುದು. ಹೊಟ್ಟೆಯ ಕೆಳಗಿನಿಂದ ಏನೋ ಮೇಲಕ್ಕೇರಿ ಬಂದು ಗಂಟಲಿಗೆ ಮುಟ್ಟಿದಂತಾಗುವುದು ಬಹಳ ಸಾಮಾನ್ಯವಾದ ಅನುಭವ. ಕಾರಣವಿಲ್ಲದ ಭಯ, ಎಂದೂ ಕಾಣದ ಸ್ಥಳವನ್ನು ಹಿಂದೆ ಕಂಡಂತೆ ಅನಿಸುವುದು, ಇವೂ ಆ ಭಾಗದ ಸೆಳವಿನ ಲಕ್ಷಣಗಳೇ.

ಇಷ್ಟಾಗುವಾಗ ರೋಗಿಗೆ ಪ್ರಜ್ಞೆ ಇರುತ್ತದೆ. ಆಮೇಲೆ ಎಲ್ಲವನ್ನೂ ಹೇಳಬಲ್ಲ. ಅನೇಕರಲ್ಲಿ ಇದು ಇಷ್ಟಕ್ಕೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಈ ಸಣ್ಣ ಸೆಳವೇ ಹಬ್ಬಿ ದೊಡ್ಡ ಸೆಳವಾಗುತ್ತದೆ. ದೊಡ್ಡ ಸೆಳವಿನ ‘ಮುನ್ಸೂಚನೆ’ ಎಂದು ರೋಗಿಗಳು ಹೇಳುವುದು ವಾಸ್ತವವಾಗಿ ಸೂಚನೆಯಲ್ಲ. ಅದೇ ಸೆಳವಿನ ಪ್ರಾರಂಭ. ಈ ಮಾತನ್ನು ನೆನಪಿನಲ್ಲಿಡಬೇಕು. ಏಕೆಂದರೆ ಬೆಂಕಿ ಎಲ್ಲಿ ಹೊತ್ತಿತೆಂಬುದನ್ನು ವೈದ್ಯರಿಗೆ ತೋರಿಸಿಕೊಡುವ ಕಿಡಿ ಅದೇ.

ಹಿಂದಿನವರು ಕಂಡದ್ದು

ಇದು ಹೊಸ ಕಾಲದ ರೋಗವಲ್ಲ. ನಮ್ಮ ಪ್ರಾಚೀನ ಚರಕ ಸಂಹಿತೆಯಲ್ಲಿ ಅಪಸ್ಮಾರವನ್ನು ಕುರಿತ ಪ್ರಕರಣಗಳಿವೆ. ರೋಗ ಬರುವ ಮೊದಲು ಇಲ್ಲದ ಶಬ್ದ ಕೇಳಿಸುವುದೆಂದೂ, ದೋಷಭೇದಕ್ಕೆ ಅನುಸಾರವಾಗಿ ಒಬ್ಬ ರೋಗಿಗೆ ಕಪ್ಪು ಅಥವಾ ನಸುಗೆಂಪು ರೂಪಗಳು, ಇನ್ನೊಬ್ಬನಿಗೆ ಹಳದಿ ಅಥವಾ ರಕ್ತವರ್ಣದ ರೂಪಗಳು, ಮತ್ತೊಬ್ಬನಿಗೆ ಬಿಳಿಯ ರೂಪಗಳು ತೋರುವುವೆಂದೂ ಅದರಲ್ಲಿ ಹೇಳಿದೆ. ಕಾರಣದ ವಿವರಣೆ ಇಂದಿನದಕ್ಕಿಂತ ಬೇರೆಯಾದರೂ ಇಂದ್ರಿಯಾನುಭವವನ್ನು ಅವರು ಎಷ್ಟು ಜಾಗರೂಕತೆಯಿಂದ ಗಮನಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ. ನಟರಾಜನ ವಿಗ್ರಹದಲ್ಲಿ ಸ್ವಾಮಿಯ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನ ಹೆಸರೇ ಅಪಸ್ಮಾರ. ತಮಿಳಿನಲ್ಲಿ ಅವನನ್ನು ಮುಯಲಕನ್ ಎನ್ನುತ್ತಾರೆ. ‘ಸ್ಮರಣೆ ತಪ್ಪಿಸುವವನು’ ಎಂಬ ಅರ್ಥದಿಂದ ಆ ಹೆಸರು ಬಂದಿದೆ.

ಪಾಶ್ಚಾತ್ಯ ದೇಶಗಳಲ್ಲಿ 19ನೆಯ ಶತಮಾನದಲ್ಲಿ ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬವರು ಒಂದು ಬೆರಳಿನಿಂದ ತೊಡಗಿ ಕ್ರಮವಾಗಿ ಹಬ್ಬುವ ಸೆಳವುಗಳನ್ನೂ ದುರ್ವಾಸನೆಯಿಂದ ತೊಡಗುವ ಸೆಳವುಗಳನ್ನೂ ಅಭ್ಯಾಸ ಮಾಡಿ, ಮಿದುಳಿನ ಒಂದೊಂದು ಭಾಗಕ್ಕೂ ಒಂದೊಂದು ಕೆಲಸವಿದೆಯೆಂಬ ತತ್ತ್ವವನ್ನು ಬಲಪಡಿಸಿದರು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 1934ರಲ್ಲಿ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಇದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಆದಕಾರಣ ತಲೆಯ ಚರ್ಮವನ್ನು ಮಾತ್ರ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಾಗಲೇ ಮಿದುಳಿನ ಮೇಲೆ ಅತ್ಯಲ್ಪ ವಿದ್ಯುತ್ತನ್ನು ಮುಟ್ಟಿಸಿದರೆ, ಒಂದು ಕಡೆ ಮುಟ್ಟಿಸಿದಾಗ ಕೈ ಜುಮುಗುಟ್ಟಿತೆಂದೂ, ಇನ್ನೊಂದು ಕಡೆ ಮುಟ್ಟಿಸಿದಾಗ ಬೆಳಕು ಕಂಡಿತೆಂದೂ ರೋಗಿಯೇ ಹೇಳುತ್ತಿದ್ದನು. ಹೊರಗಿನ ವಸ್ತುವಿಲ್ಲದೆಯೂ ಸಂವೇದನೆ ಹುಟ್ಟುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ನಮ್ಮ ನಾಡಿನದೇ ಒಂದು ಬಗೆ: ಬಿಸಿನೀರಿನ ಮೂರ್ಛೆ

ಇಲ್ಲಿಯವರೆಗೆ ಹೇಳಿದ್ದು ಸಂವೇದನೆಯಾಗಿ ತೋರುವ ಸೆಳವು. ಸಂವೇದನೆಯೇ ಸೆಳವನ್ನು ಕೆರಳಿಸುವುದೂ ಉಂಟು. ಮಿನುಗುವ ಬೆಳಕು, ಹಠಾತ್ತಾದ ಶಬ್ದ ಮುಂತಾದವು ಕೆಲವರಲ್ಲಿ ಸೆಳವನ್ನು ತರುತ್ತವೆ. ಇವುಗಳ ಪೈಕಿ ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕರ್ನಾಟಕದಲ್ಲಿಯೂ ಅದಕ್ಕೆ ಹೊಂದಿದ ತಮಿಳುನಾಡಿನಲ್ಲಿಯೂ ಹೆಚ್ಚಾಗಿ ಕಂಡುಬರುವುದು ಬಿಸಿನೀರಿನ ಮೂರ್ಛೆ.

ನಮ್ಮಲ್ಲಿ ತಲೆಸ್ನಾನದ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಹಂಡೆಯಲ್ಲಿ ನೀರು ಕಾಯಿಸಿ, ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಚೊಂಬಿನ ಮೇಲೆ ಚೊಂಬಿನಂತೆ ಬಿಸಿನೀರನ್ನು ನೇರವಾಗಿ ನೆತ್ತಿಗೆ ಹುಯ್ಯುತ್ತಾರೆ. ಆ ನೀರಿನ ಕಾವು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೈಯ ಸಹಜವಾದ ಕಾವಾದರೋ ಸುಮಾರು 37 ಡಿಗ್ರಿ. ಹೀಗೆ ಹುಯ್ಯುತ್ತಿರುವಾಗ ಕೆಲವು ಮಕ್ಕಳು ದಿಗ್ಭ್ರಮೆಯಿಂದ ಒಂದೇ ಕಡೆ ನೋಡುತ್ತ ನಿಲ್ಲುತ್ತಾರೆ. ಹೆದರುತ್ತಾರೆ, ಅಸಂಬದ್ಧವಾಗಿ ಮಾತನಾಡುತ್ತಾರೆ. ತಲೆ ಸುತ್ತುತ್ತದೆ ಎನ್ನುತ್ತಾರೆ. ಇಲ್ಲದ ರೂಪಗಳನ್ನು ಕಾಣುತ್ತಾರೆ, ಇಲ್ಲದ ಧ್ವನಿಗಳನ್ನು ಕೇಳುತ್ತಾರೆ. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಿಗೆ ಮೈಯೆಲ್ಲ ಸೆಟೆಯುವ ದೊಡ್ಡ ಸೆಳವೇ ಬರುತ್ತದೆ. ಕೆಲವರಿಗೆ ಈ ಸ್ಥಿತಿಯಲ್ಲಿ ಒಂದು ಬಗೆಯ ಸುಖವೂ ತೋರಿ, ಬೇಡವೆಂದರೂ ಕೇಳದೆ ನೀರನ್ನು ಹುಯ್ದುಕೊಳ್ಳುತ್ತಲೇ ಇರುವುದುಂಟು. ನೋಡುವವರು ಇದನ್ನು ಹಟವೆಂದೋ ಭೂತಚೇಷ್ಟೆಯೆಂದೋ ತಿಳಿದರೆ ಆಶ್ಚರ್ಯವಿಲ್ಲ.

ಈ ರೋಗವನ್ನು ಮೊದಲು ವರದಿ ಮಾಡಿದ್ದು 1945ರಲ್ಲಿ, ನ್ಯೂಜಿಲೆಂಡ್ ದೇಶದಿಂದ. ಅದು ಒಬ್ಬ ಬಾಲಕನ ವೃತ್ತಾಂತ. ಆದರೆ ಇದು ಅಪೂರ್ವ ಸಂಗತಿಯಲ್ಲ, ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿಯೇ ಇದೆಯೆಂದು ತೋರಿಸಿದವರು ಬೆಂಗಳೂರಿನ ನರರೋಗತಜ್ಞ ಡಾಕ್ಟರ್ ಕೆ. ಎಸ್. ಮಣಿಯವರು ಮತ್ತು ಅವರ ಸಂಗಡಿಗರು. ಅವರ ಮೊದಲ ವರದಿ 1968ರಲ್ಲಿಯೂ, 60 ರೋಗಿಗಳ ವಿವರವುಳ್ಳ ಎರಡನೆಯದು 1972ರಲ್ಲಿಯೂ ಪ್ರಕಟವಾದುವು. ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳನ್ನು ಕುರಿತು 1988ರಲ್ಲಿ ಬರೆದರು. ಮಣಿಯವರ ತಂಡವು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಸುಮಾರು 65,000 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿರಕ್ಕೆ ನಾಲ್ಕೈದು ಮಂದಿಗೆ ಅಪಸ್ಮಾರವಿರುವುದು ಕಂಡಿತು. ಅವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಯದು ಬಿಸಿನೀರಿನ ಮೂರ್ಛೆ. ಯಳಂದೂರು ಈಗ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಹೊಗೇನಕಲ್ಲಿನಲ್ಲಿ ನಿಂತು ಕಾವೇರಿಯ ಆಚೆಯ ದಡವನ್ನು ನೋಡಿದರೆ ಕಾಣುವುದು ಅದೇ ಜಿಲ್ಲೆಯ ಕಾಡು. ಅಲ್ಲಿಯವರ ಬಚ್ಚಲಿಗೂ ಪೆನ್ನಾಗರಂ ಸೀಮೆಯ ನಮ್ಮ ಬಚ್ಚಲಿಗೂ ಭೇದವಿಲ್ಲ. ಆದುದರಿಂದ ಇದು ನಮಗೂ ಸಂಬಂಧಪಟ್ಟ ವಿಷಯ.

ಎಲ್ಲರೂ ಬಿಸಿನೀರು ಹುಯ್ದುಕೊಂಡರೂ ಕೆಲವರಿಗೆ ಮಾತ್ರ ಹೀಗೇಕೆ? ದೇಹದ ಕಾವನ್ನು ಹದದಲ್ಲಿಡುವ ಮಿದುಳಿನ ಏರ್ಪಾಟಿನಲ್ಲಿ ಅವರಿಗೆ ಹುಟ್ಟಿನಿಂದ ಒಂದು ದೌರ್ಬಲ್ಯವಿರಬಹುದೆಂದು ತಜ್ಞರು ಭಾವಿಸುತ್ತಾರೆ. ಒಂದೇ ಮನೆತನದಲ್ಲಿ ಹಲವರಿಗೆ ಬರುವುದೂ ಉಂಟು. ನಿಮ್ಹಾನ್ಸಿನ ವೈದ್ಯರೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಕೂಡಿ ಅಂಥ ಕುಟುಂಬಗಳನ್ನು ಪರೀಕ್ಷಿಸಿ, 4ನೆಯ ಮತ್ತು 10ನೆಯ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಸ್ಥಾನಗಳಿವೆಯೆಂದು 2009ರಲ್ಲಿ ಪ್ರಕಟಿಸಿದರು. ಅಂದಮೇಲೆ ಇದು ದೇಹದ ರಚನೆಗೆ ಸಂಬಂಧಪಟ್ಟದ್ದೇ ಹೊರತು ಶಾಪಕ್ಕಾಗಲಿ ಪಾಪಕ್ಕಾಗಲಿ ಸಂಬಂಧಪಟ್ಟದ್ದಲ್ಲ.

ರೋಗವನ್ನು ಗುರುತಿಸುವ ಬಗೆ

ಸಂವೇದನಾ ಸೆಳವಿನ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಧನ ಯಂತ್ರವಲ್ಲ, ರೋಗಿಯ ಮಾತು. ಆದುದರಿಂದ ವೈದ್ಯರಲ್ಲಿಗೆ ಹೋಗುವ ಮುನ್ನ ಮನೆಯವರು ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅನುಭವವು ಮೈಯ ಯಾವ ಭಾಗದಲ್ಲಿ ತೊಡಗುತ್ತದೆ? ಎಷ್ಟು ಹೊತ್ತು ಇರುತ್ತದೆ? ಪ್ರತಿಸಲವೂ ಒಂದೇ ರೀತಿಯಾಗಿ ಬರುತ್ತದೆಯೇ? ನಿದ್ದೆಗೆಟ್ಟಾಗ, ಜ್ವರ ಬಂದಾಗ, ಸ್ನಾನ ಮಾಡುವಾಗ ಹೆಚ್ಚೇ? ಆ ಹೊತ್ತಿನಲ್ಲಿ ಕರೆದರೆ ಉತ್ತರ ಕೊಡುವನೇ? ಚಿಕ್ಕಂದಿನಲ್ಲಿ ಜ್ವರದ ಸೆಳವು, ತಲೆಗೆ ಪೆಟ್ಟು, ಮಿದುಳು ಜ್ವರ ಆಗಿತ್ತೇ? ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯೇ? ಕಣ್ಣಾರೆ ಕಂಡವರು ಜೊತೆಯಲ್ಲಿ ಹೋಗಬೇಕು. ಈಗ ಮನೆಮನೆಯಲ್ಲಿಯೂ ಕೈಫೋನು ಇರುವುದರಿಂದ ಆ ಹೊತ್ತಿನ ಚಿತ್ರವನ್ನು ಹಿಡಿದು ತೋರಿಸಿದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ.

ಜುಮುಗುಟ್ಟಿದ್ದೆಲ್ಲ ಅಪಸ್ಮಾರವಲ್ಲ, ಬೆಳಕು ಕಂಡದ್ದೆಲ್ಲ ಅಪಸ್ಮಾರವಲ್ಲ ಎಂಬುದನ್ನೂ ತಿಳಿದಿರಬೇಕು. ಅರೆತಲೆನೋವಿನವರಿಗೂ ನೋವು ಬರುವ ಮುಂಚೆ ಬೆಳಕು ಕಾಣುತ್ತದೆ. ಆದರೆ ಅದು ಹೆಚ್ಚಾಗಿ ಅಂಕುಡೊಂಕು ಗೆರೆಗಳ ರೂಪದಲ್ಲಿ ನಿಧಾನವಾಗಿ ಬೆಳೆದು, ಹಲವು ನಿಮಿಷಗಳಿಂದ ಒಂದು ಗಂಟೆಯವರೆಗೆ ಇರುತ್ತದೆ. ಸೆಳವಿನ ಬೆಳಕಾದರೋ ಥಟ್ಟನೆ ಬಂದು, ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ ಅಥವಾ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಗಾಬರಿಯಿಂದ ವೇಗವಾಗಿ ಉಸಿರಾಡಿದಾಗ ಎರಡೂ ಕೈಗಳೂ ತುಟಿಯ ಸುತ್ತಲೂ ಒಟ್ಟಿಗೆ ಜುಮುಗುಡುತ್ತವೆ. ಸೆಳವಿನಲ್ಲಿ ಬಹುಮಟ್ಟಿಗೆ ಒಂದೇ ಬದಿ. ಕೈಯನ್ನು ತಲೆಯ ಕೆಳಗಿಟ್ಟು ಮಲಗಿದಾಗ ಬರುವ ಜೋಮು ಕೈ ಕೊಡವಿದರೆ ಹೋಗುತ್ತದೆ. ವಯಸ್ಸಾದವರಿಗೆ ಹಠಾತ್ತಾಗಿ ಒಂದು ಬದಿ ಮರಗಟ್ಟಿ ಬಲ ತಪ್ಪಿದರೆ ಅದು ಪಾರ್ಶ್ವವಾಯುವಿನ ಸೂಚನೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆಕಾಯಿಲೆಯವರಲ್ಲಿ ಸಕ್ಕರೆಯ ಅಂಶ ಇಳಿದಾಗಲೂ ಇಂಥ ಲಕ್ಷಣಗಳುಂಟು.

ವೈದ್ಯರು ಇದಾದಮೇಲೆ ಮಿದುಳಿನ ವಿದ್ಯುಲ್ಲೇಖನವನ್ನು, ಎಂದರೆ ಇ.ಇ.ಜಿ. ಪರೀಕ್ಷೆಯನ್ನು ಮಾಡಿಸುತ್ತಾರೆ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ತಲೆಯ ಮೇಲೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಮಿದುಳು ತಾನೇ ಹೊಮ್ಮಿಸುವ ವಿದ್ಯುತ್ತನ್ನು ಬರೆದುಕೊಳ್ಳುವುದಷ್ಟೆ ಈ ಯಂತ್ರದ ಕೆಲಸ. ಅದು ಮಗುವಿಗೆ ವಿದ್ಯುತ್ತನ್ನು ಕೊಡುವುದಿಲ್ಲ. ನೋವಿಲ್ಲ, ಅಪಾಯವಿಲ್ಲ. ಆದರೆ ಒಂದು ವಿಷಯ: ಸಂವೇದನಾ ಸೆಳವು ಮಿದುಳಿನ ಬಹು ಚಿಕ್ಕ ಜಾಗದಲ್ಲಿ ನಡೆಯುವುದರಿಂದ ಹೊರಗಿನ ಬಿಲ್ಲೆಗಳಿಗೆ ಅದು ಸಿಕ್ಕದೆ ಹೋಗಬಹುದು. ಬಿಸಿನೀರಿನ ಮೂರ್ಛೆಯಲ್ಲಿಯೂ ಸೆಳವಿಲ್ಲದ ಹೊತ್ತಿನ ಲೇಖನವು ಬಹುಪಾಲು ರೋಗಿಗಳಲ್ಲಿ ಸಹಜವಾಗಿಯೇ ಇರುತ್ತದೆ. ಆದ್ದರಿಂದ ‘ಇ.ಇ.ಜಿ. ಸರಿಯಾಗಿದೆ, ರೋಗವಿಲ್ಲ’ ಎಂದು ಮನೆಯವರೇ ತೀರ್ಮಾನಿಸಿ ಸುಮ್ಮನಾಗಬಾರದು. ಕೆಲವೊಮ್ಮೆ ನಿದ್ದೆಯಲ್ಲಿಯೂ ಈ ಪರೀಕ್ಷೆಯನ್ನು ಮಾಡುವುದುಂಟು.

ಎಂ.ಆರ್.ಐ. ಚಿತ್ರದಿಂದ ಮಿದುಳಿನಲ್ಲಿ ಗಾಯದ ಕಲೆ, ಗೆಡ್ಡೆ, ಹುಟ್ಟಿನ ದೋಷ ಮುಂತಾದವು ಇವೆಯೇ ಎಂದು ತಿಳಿಯುತ್ತದೆ. ಸಂವೇದನಾ ಸೆಳವು ಒಂದೇ ಜಾಗದಿಂದ ಹುಟ್ಟುವುದರಿಂದ ಆ ಜಾಗವನ್ನು ನೋಡುವುದು ಅವಶ್ಯ. ನಮ್ಮ ದೇಶದಲ್ಲಿ ಹೀಗೆ ನೋಡಿದಾಗ ಬಹು ಸಲ ಕಂಡುಬರುವ ಎರಡು ಕಾರಣಗಳು ಕ್ಷಯದ ಗಂಟು ಮತ್ತು ಲಾಡಿಹುಳುವಿನ ಮರಿಗಳ ಗುಳ್ಳೆ. ಎರಡನೆಯದು ಹಂದಿಮಾಂಸ ತಿನ್ನುವವರಿಗೆ ಮಾತ್ರ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಹುಳುವಿರುವ ಮನುಷ್ಯನ ಮಲದಲ್ಲಿರುವ ಮೊಟ್ಟೆಗಳು ನೀರು, ಸೊಪ್ಪು, ತರಕಾರಿ, ತೊಳೆಯದ ಕೈಗಳ ಮೂಲಕ ಹೊಟ್ಟೆಗೆ ಸೇರಿದರೆ ಶುದ್ಧ ಸಸ್ಯಾಹಾರಿಗೂ ಬರುತ್ತದೆ. ಶೌಚಾಲಯವನ್ನು ಉಪಯೋಗಿಸುವುದು, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುವುದು, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯುವುದು, ಇವು ಅಪಸ್ಮಾರದ ಒಂದು ಕಾರಣವನ್ನೇ ತಡೆಯುವ ಉಪಾಯಗಳು. ಶಾಲೆಯ ಮಕ್ಕಳು ಇದನ್ನು ಮನೆಯಲ್ಲಿ ಹೇಳಿಕೊಡಬಹುದು.

ಚಿಕಿತ್ಸೆ

ಅಪಸ್ಮಾರಕ್ಕೆ ಫಲಕಾರಿಯಾದ ಔಷಧಿಗಳು ಬಂದು ನೂರು ವರ್ಷಗಳಿಗೂ ಹೆಚ್ಚಾಯಿತು. ಫಿನೋಬಾರ್ಬಿಟಾಲ್ 1912ರಲ್ಲಿಯೂ ಫೆನಿಟಾಯಿನ್ 1938ರಲ್ಲಿಯೂ ಬಳಕೆಗೆ ಬಂದುವು. ಆಮೇಲೆ ಕಾರ್ಬಮಜೆಪಿನ್, ವಾಲ್ಪ್ರೋಯೇಟ್, ಲೆವೆಟಿರಾಸಿಟಮ್ ಮುಂತಾದವು ಸೇರಿದುವು. ಒಂದು ಜಾಗದಿಂದ ಹುಟ್ಟುವ ಸೆಳವಿಗೆ ಇವುಗಳಲ್ಲಿ ಯಾವುದು ಸರಿ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರು ವಯಸ್ಸು, ತೂಕ, ಇತರ ಕಾಯಿಲೆಗಳನ್ನು ನೋಡಿ ನಿಶ್ಚಯಿಸುತ್ತಾರೆ. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆಯೆಂದೂ, ಸರಿಯಾದ ಔಷಧಿ ದೊರೆತರೆ ಅವರಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಔಷಧಿಯ ವಿಷಯದಲ್ಲಿ ಪೋಷಕರು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಮೊದಲನೆಯದು, ಮಾತ್ರೆಯನ್ನು ದಿನವೂ ಹೊತ್ತಿಗೆ ಸರಿಯಾಗಿ ಕೊಡಬೇಕು. ಮೂರು ತಿಂಗಳು ಸೆಳವು ಬರಲಿಲ್ಲ, ಇನ್ನೇಕೆ ಎಂದು ನಿಲ್ಲಿಸುವುದು ಬಹಳ ಮಂದಿ ಮಾಡುವ ಪ್ರಮಾದ. ಥಟ್ಟನೆ ನಿಲ್ಲಿಸಿದರೆ ಸೆಳವಿನ ಮೇಲೆ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಸಾಮಾನ್ಯವಾಗಿ ಎರಡು ವರ್ಷಗಳಾದರೂ ಸೆಳವಿಲ್ಲದೆ ಕಳೆದ ಮೇಲೆ, ವೈದ್ಯರೇ ಯೋಚಿಸಿ ಸ್ವಲ್ಪ ಸ್ವಲ್ಪವಾಗಿ ಕಡಮೆ ಮಾಡುತ್ತಾರೆ. ಎರಡನೆಯದು, ಔಷಧಿ ಆರಂಭಿಸಿದ ಮೊದಲ ವಾರಗಳಲ್ಲಿ ಮೈಮೇಲೆ ಗಂಧೆ ಎದ್ದರೆ, ಬಾಯಲ್ಲಿ ಹುಣ್ಣಾದರೆ, ಕೂಡಲೆ ವೈದ್ಯರಿಗೆ ತೋರಿಸಬೇಕು. ಫೆನಿಟಾಯಿನ್ ಸೇವಿಸುವವರಿಗೆ ಒಸಡು ಬೆಳೆಯುವುದುಂಟು, ಹಲ್ಲುಗಳನ್ನು ಶುಚಿಯಾಗಿಡಬೇಕು. ಮೂರನೆಯದು, ವಾಲ್ಪ್ರೋಯೇಟ್ ಔಷಧಿಯಿಂದ ಗರ್ಭದಲ್ಲಿರುವ ಶಿಶುವಿಗೆ ಹಾನಿಯಾಗುವ ಸಂಭವವಿರುವುದರಿಂದ, ಹೆಣ್ಣುಮಕ್ಕಳ ವಿಷಯದಲ್ಲಿ ಯಾವ ಔಷಧಿ ಯೋಗ್ಯವೆಂಬುದನ್ನು ಮದುವೆಗೆ ಎಷ್ಟೋ ಮೊದಲೇ ವೈದ್ಯರೊಡನೆ ಮಾತನಾಡಬೇಕು. ಹೆದರಿಕೊಂಡು ತಾನಾಗಿಯೇ ಔಷಧಿ ಬಿಡುವುದು ಮಾತ್ರ ಸಲ್ಲದು.

ಬಿಸಿನೀರಿನ ಮೂರ್ಛೆಗೆ ಮೊದಲ ಚಿಕಿತ್ಸೆ ಬಚ್ಚಲಲ್ಲಿಯೇ ಇದೆ. ನೀರು ಉಗುರುಬೆಚ್ಚಗಿರಬೇಕು, ಮೈಯ ಕಾವಿಗಿಂತ ಹೆಚ್ಚಾಗಬಾರದು. ನೆತ್ತಿಗೆ ಒಂದೇ ಸಮನೆ ಹುಯ್ಯದೆ, ಕೈಕಾಲುಗಳಿಂದ ಆರಂಭಿಸಿ ಬಿಡುವು ಕೊಟ್ಟು ಹುಯ್ಯಬೇಕು. ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಯೂ ಶುಚಿ ಮಾಡಬಹುದು. ಬಚ್ಚಲ ಅಗುಳಿಯನ್ನು ಹಾಕಬಾರದು, ಒಬ್ಬರು ಹತ್ತಿರದಲ್ಲಿರಬೇಕು. ಇಷ್ಟರಿಂದಲೇ ಎಷ್ಟೋ ಮಕ್ಕಳಿಗೆ ಸೆಳವು ನಿಲ್ಲುತ್ತದೆ. ನಿಲ್ಲದಿದ್ದರೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆಯನ್ನು ಆ ದಿನ ಮಾತ್ರ ಕೊಡುವ ಕ್ರಮವೊಂದನ್ನು ವೈದ್ಯರು ಅನುಸರಿಸುತ್ತಾರೆ. ಬಿಸಿನೀರಿನ ಸಂಬಂಧವಿಲ್ಲದೆಯೂ ಸೆಳವು ಬರತೊಡಗಿದರೆ ದಿನನಿತ್ಯದ ಔಷಧಿ ಬೇಕಾಗುತ್ತದೆ.

ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಸೇವಿಸಿದರೂ ಸೆಳವು ನಿಲ್ಲದವರು ದೊಡ್ಡ ಕೇಂದ್ರಗಳಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೆಳವು ಹುಟ್ಟುವ ಜಾಗ ಖಚಿತವಾಗಿ ತಿಳಿದು, ಅದನ್ನು ತೆಗೆದರೆ ಬೇರೆ ನಷ್ಟವಿಲ್ಲವೆಂದು ಕಂಡರೆ ಶಸ್ತ್ರಚಿಕಿತ್ಸೆಯೂ ಸಾಧ್ಯ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1995ರಿಂದ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುತ್ತಿವೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಸೌಕರ್ಯವಿದೆ. ನಮ್ಮ ಸೀಮೆಯವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಧರ್ಮಪುರಿ ಅಥವಾ ಸೇಲಂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು.

ಮನೆಯಲ್ಲಿ ಮತ್ತು ಶಾಲೆಯಲ್ಲಿ

ಪಾಠದ ನಡುವೆ ಒಬ್ಬ ಹುಡುಗ ಬರೆಯುವುದನ್ನು ನಿಲ್ಲಿಸಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ. ಉಪಾಧ್ಯಾಯರು ಕರೆದರೂ ತಕ್ಷಣ ಉತ್ತರವಿಲ್ಲ. ಗಮನವಿಲ್ಲದವನೆಂದು ಅವನನ್ನು ಗದರಿಸುವುದು ಸುಲಭ. ಆದರೆ ಇದು ವಾರಕ್ಕೆ ಹಲವು ಸಲ ಒಂದೇ ರೀತಿಯಲ್ಲಿ ನಡೆಯುತ್ತಿದ್ದರೆ ಗದರಿಸುವ ಬದಲು ತಾಯಿತಂದೆಗಳಿಗೆ ತಿಳಿಸಬೇಕು. ಮಗು ತನಗಾದುದನ್ನು ಹೇಳಲು ಬಂದಾಗ ‘ಸುಳ್ಳು ಹೇಳಬೇಡ’ ಎಂದು ಬಾಯಿ ಮುಚ್ಚಿಸಬಾರದು. ರೋಗವನ್ನು ಗುರುತಿಸುವ ಬಾಗಿಲು ಆ ಒಂದು ಮಾತಿನಿಂದ ಮುಚ್ಚಿಹೋಗುತ್ತದೆ.

ಸಣ್ಣ ಸೆಳವು ಬಂದಾಗ ಮಗುವಿನ ಹತ್ತಿರ ಶಾಂತವಾಗಿ ಇದ್ದರೆ ಸಾಕು; ಹಿಡಿದು ಅದುಮಬೇಕಾದುದಿಲ್ಲ. ದೊಡ್ಡ ಸೆಳವು ಬಂದರೆ ತಲೆಯ ಕೆಳಗೆ ಮೆತ್ತಗಿನ ಬಟ್ಟೆಯನ್ನಿಟ್ಟು, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಸೆಟೆತ ನಿಂತೊಡನೆ ಮಗ್ಗುಲಾಗಿ ಮಲಗಿಸಬೇಕು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು, ಇವುಗಳಿಂದ ಪ್ರಯೋಜನವಿಲ್ಲ. ಕೊನೆಯ ಎರಡರಿಂದ ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಗಡಿಯಾರ ನೋಡಬೇಕು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಸೆಳವು ಹತೋಟಿಗೆ ಬರುವವರೆಗೆ ಒಲೆಯ ಮುಂದೆ ಒಬ್ಬರೇ ಕೂಡುವುದು, ಮರ ಹತ್ತುವುದು, ವಾಹನ ನಡೆಸುವುದು, ಬಾವಿಯಲ್ಲಿ ಅಥವಾ ಹೊಳೆಯಲ್ಲಿ ಈಜುವುದು ಸಲ್ಲದು. ಹೊಗೇನಕಲ್ಲಿನ ಎಣ್ಣೆಸ್ನಾನಕ್ಕೆ ಹೋಗುವ ಕುಟುಂಬಗಳು ಇದನ್ನು ವಿಶೇಷವಾಗಿ ನೆನಪಿಡಬೇಕು. ತಣ್ಣೀರಿನಿಂದ ಸೆಳವು ಕೆರಳದಿದ್ದರೂ, ಹರಿಯುವ ನೀರಿನಲ್ಲಿ ನಿಂತಿರುವಾಗ ಸೆಳವು ಬಂದರೆ ಹೊಳೆ ಕಾಯುವುದಿಲ್ಲ. ಇಷ್ಟು ಎಚ್ಚರಿಕೆಯನ್ನು ಬಿಟ್ಟರೆ ಈ ಮಕ್ಕಳು ಓದುವುದಕ್ಕೂ ಆಡುವುದಕ್ಕೂ ಅಡ್ಡಿಯಿಲ್ಲ. ಇದು ಮುಟ್ಟಿದರೆ ಹರಡುವ ರೋಗವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ರಷ್ಯಾ ದೇಶದ ಮಹಾಕಾದಂಬರಿಕಾರ ದಾಸ್ತೊಯೆವ್ಸ್ಕಿ ಅಪಸ್ಮಾರದೊಡನೆಯೇ ಬಾಳಿ ತನ್ನ ಕೃತಿಗಳನ್ನು ಬರೆದನು.

ಮದುವೆಯ ಭಯದಿಂದ ಹೆಣ್ಣುಮಕ್ಕಳ ರೋಗವನ್ನು ಬಚ್ಚಿಡುವ ರೂಢಿ ಇನ್ನೂ ಉಳಿದಿದೆ. ಹಿಂದೆ ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವು ವಿವಾಹಕ್ಕೆ ಬಾಧಕಗಳಲ್ಲೊಂದಾಗಿತ್ತು. 1999ರ ತಿದ್ದುಪಡಿಯಿಂದ ಆ ಮಾತನ್ನು ತೆಗೆದುಹಾಕಲಾಯಿತು. ಕಾನೂನು ಬಿಟ್ಟುಕೊಟ್ಟ ತಪ್ಪು ಕಲ್ಪನೆಯನ್ನು ನಾವು ಹಿಡಿದುಕೊಂಡಿರುವುದು ನ್ಯಾಯವಲ್ಲ. ಬಚ್ಚಿಟ್ಟ ರೋಗಕ್ಕೆ ಔಷಧಿ ತಪ್ಪುತ್ತದೆ. ಔಷಧಿ ತಪ್ಪಿದ ರೋಗ ತಾನೇ ಬಯಲಿಗೆ ಬರುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಇಂಥ ಅನುಭವವೇನಾದರೂ ಆಗುತ್ತಿದ್ದರೆ ನಾಚಿಕೆಪಡದೆ ತಾಯಿಗೋ ತಂದೆಗೋ ಉಪಾಧ್ಯಾಯರಿಗೋ ಹೇಳಿ. ನಿಮ್ಮ ಗೆಳೆಯನಿಗೆ ಆಗುತ್ತಿದ್ದರೆ ನಗಬೇಡಿ, ಅವನ ಜೊತೆಯಲ್ಲಿರಿ. ಪೋಷಕ ಮಹಾಶಯರು ಮಗುವಿನ ಮಾತನ್ನು ಕೇಳಿ, ಕೇಳಿದ್ದನ್ನು ಬರೆದುಕೊಂಡು, ವೈದ್ಯರಲ್ಲಿಗೆ ಕರೆದೊಯ್ಯಲಿ. ದೇವರಿಗೆ ಹರಕೆ ಹೊರುವವರು ಹೊರಲಿ; ಆದರೆ ಮಾತ್ರೆಯ ಹೊತ್ತನ್ನು ತಪ್ಪಿಸದಿರಲಿ.